ಮೂಲೆಯಲ್ಲಿ ಕೂತ ಸರ್ಕಾರ

ಮನೆಯಲ್ಲಿ ಸಿನಿಮಾ ನೋಡುವ ನನ್ನಂಥವರಿಗೆ ಕಥೆ, ನಟನೆ, ಕ್ಯಾಮೆರಾ ಅಂತೆಲ್ಲ ವಿಮರ್ಶೆ ಮಾಡುವ ಅರ್ಹತೆ ಇಲ್ಲ. ಅರ್ಧ ಸಿನಿಮಾ ಕುಕ್ಕರ್ ಕೂಗಿನಲ್ಲಿ ಹೋಗುತ್ತದೆ, ಇನ್ನರ್ಧ ಫೋನಿನಲ್ಲಿ. ಆದರೆ ಒಬ್ಬ ಕಲಾವಿದನ ಬಗ್ಗೆ ಮಾತ್ರ ಧೈರ್ಯವಾಗಿ ಅಭಿಪ್ರಾಯ ಹೇಳಬಲ್ಲೆ. ಯಾವ ಭಾಷೆಯ ಸಿನಿಮಾ ಹಾಕಿದರೂ ಅವನಿರುತ್ತಾನೆ. ತೆರೆಯ ಕೆಳಗೆ, ಒಂದು ಮೂಲೆಯಲ್ಲಿ. ತಂಬಾಕು ಹಾನಿಕರ ಅನ್ನುವುದೊಂದೇ ಅವನ ಡೈಲಾಗು.

ಈತ ಮೊದಲು ಥಿಯೇಟರಿನಲ್ಲಿ ಹೆಸರು ಮಾಡಿದವನು. 2003ರ ತಂಬಾಕು ಕಾಯ್ದೆಯಡಿ ಮಾಡಿದ ನಿಯಮಗಳು 2012ರಲ್ಲಿ ಇನ್ನಷ್ಟು ಬಿಗಿಯಾದವು. ಸಿನಿಮಾದ ಶುರುವಿನಲ್ಲಿ ಒಮ್ಮೆ, ಮಧ್ಯದಲ್ಲಿ ಒಮ್ಮೆ ಆರೋಗ್ಯದ ಪಾಠ. ಯಾರಾದರೂ ಬೀಡಿ ಹಚ್ಚಿದಾಗಲೆಲ್ಲ ಕೆಳಗೆ ಬರಹ. 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ಇದೇ ನಿಯಮ. ಬಿಳಿ ಹಿನ್ನೆಲೆಯಲ್ಲಿ ಕಪ್ಪಕ್ಷರ, ಎದ್ದು ಕಾಣಲೇಬೇಕು. ಹಾಲಿವುಡ್ಡಿನ ವುಡಿ ಅಲೆನ್ ಇವನ ಜೊತೆ ತೆರೆ ಹಂಚಿಕೊಳ್ಳುವುದಿಲ್ಲ ಎಂದು ಹಟ ಹಿಡಿದು, 2013ರಲ್ಲಿ ತನ್ನ ಸಿನಿಮಾವನ್ನು ಭಾರತದಲ್ಲಿ ಬಿಡುಗಡೆಯನ್ನೇ ಮಾಡಲಿಲ್ಲ. ನಮ್ಮ ನಿರ್ಮಾಪಕರಿಗೆ ಅಂಥ ಹಟ ಇಲ್ಲ. ಅವಕಾಶ ಕೊಟ್ಟರೆ ಆ ಬರಹಕ್ಕೂ ಒಬ್ಬ ಪ್ರಾಯೋಜಕರನ್ನು ಹಿಡಿದು ತರುತ್ತಾರೆ.

ತಂಬಾಕು ಕೆಟ್ಟದ್ದೇ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಇವನ ಕಣ್ಣಿನ ಬಗ್ಗೆ. ಮದುವೆ ಮನೆಯಲ್ಲಿ ಚಪ್ಪಲಿ ಕಾಯಲು ಕೂರಿಸಿದ ಹುಡುಗನ ಹಾಗೆ. ಒಳಗಿಂದ ಬಂಗಾರದ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೂ ಅವನ ಕಣ್ಣು ಚಪ್ಪಲಿಯಿಂದ ಕದಲುವುದಿಲ್ಲ.

ನಮ್ಮ ರೌಡಿ ಸಿನಿಮಾಗಳನ್ನೇ ನೋಡಿ. ಹೀರೊ ಲಾಂಗು ಎತ್ತುತ್ತಾನೆ. ಒಂದು ಬೀದಿಯ ಜನಸಂಖ್ಯೆಯನ್ನೇ ಕೊಚ್ಚಿ ಹಾಕುತ್ತಾನೆ. ಮೂಲೆ ಖಾಲಿ. ಸ್ಲೋ ಮೋಷನ್ನಿನಲ್ಲಿ ರಕ್ತ ಕ್ಯಾಮೆರಾಗೇ ಸಿಡಿಯುತ್ತದೆ. ಮೂಲೆ ಆಗಲೂ ಖಾಲಿ. ಕೊನೆಗೆ ಸುಸ್ತಾಗಿ, ಹೆಣಗಳ ಮಧ್ಯೆ ಕೂತು, ಒಂದು ಸಿಗರೇಟು ತುಟಿಗಿಡುತ್ತಾನೆ ನೋಡಿ, ತಕ್ಷಣ ಮೂಲೆಗೆ ಎಚ್ಚರವಾಗುತ್ತದೆ! ಅಯ್ಯೋ, ಬೇಡಪ್ಪ, ಶ್ವಾಸಕೋಶ ಹಾಳಾಗುತ್ತೆ. ಸತ್ತವರ ಶ್ವಾಸಕೋಶದ ಬಗ್ಗೆ ಸರ್ಕಾರಕ್ಕೆ ಯಾವ ಚಿಂತೆಯೂ ಇಲ್ಲ. ಆಮೇಲೆ ಹೀರೊ ಹೆಲ್ಮೆಟ್ ಇಲ್ಲದೆ ಬೈಕ್ ಹತ್ತಿ, ಒನ್ ವೇಯಲ್ಲಿ ನುಗ್ಗಿ ಹೋಗುತ್ತಾನೆ. ಬಾಯಲ್ಲಿ ಸಿಗರೇಟು ಇಲ್ಲದಿದ್ದರೆ ಎಲ್ಲವೂ ಕ್ಷೇಮ.

ಇವನಿಗೊಬ್ಬ ತಮ್ಮನೂ ಇದ್ದಾನೆ. ಹೆಸರು ಸಿಜಿಐ. ಪ್ರಾಣಿಗಳನ್ನು ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಹಾಗಾಗಿ ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಯಾದರೆ ಅದರ ಪಕ್ಕದಲ್ಲೇ ಹಾಗಂತ ಬರೆಯುತ್ತಾರೆ. ಕತ್ತಲ ಕಾಡು, ಒಂಟಿ ನಾಯಕಿ, ಪೊದೆ ಅಲುಗುತ್ತದೆ, ಅಡುಗೆ ಮನೆಯಿಂದ ಸೌಟು ಹಿಡಿದೇ ಓಡಿ ಬಂದು ನಿಂತಿದ್ದೇವೆ, ಹುಲಿ ಹಾರುತ್ತದೆ. ಪಕ್ಕದಲ್ಲೇ ಸಿಜಿಐ ಅಂತ ಚೀಟಿ! ಸೌಟು ಹಿಡಿದವರು ವಾಪಸ್ ಒಗ್ಗರಣೆಗೆ ಹೋದರು. ಆ ಹುಲಿ ಸುಳ್ಳು ಅಂತ ನಮಗೆ ಮೊದಲೇ ಗೊತ್ತಿತ್ತು, ಅದರ ನಡಿಗೆಯೇ ಹೇಳುತ್ತಿತ್ತು. ಆದರೆ ಐವತ್ತು ದಾಟಿದ ಹೀರೊ ಬ್ಯಾಗು ನೇತುಹಾಕಿಕೊಂಡು ಮೊದಲ ವರ್ಷದ ಕಾಲೇಜಿಗೆ ಬರುವಾಗ ಪಕ್ಕದಲ್ಲಿ ಏನೂ ಬರೆದಿರುವುದಿಲ್ಲ. ಅದನ್ನು ನಾವು ನಿಜ ಅಂತ ನಂಬಬೇಕು.

ಟಿವಿಯಲ್ಲಿ ಇದೇ ಸಿನಿಮಾ ಬಂದರೆ ಇನ್ನೂ ಮಜಾ. ಗ್ಲಾಸು ಮಬ್ಬು, ಬಾಟಲಿ ಮಬ್ಬು, ಕೆಲವೊಮ್ಮೆ ಹೀರೊನ ಅರ್ಧ ಮುಖವೇ ಮಬ್ಬು. ಮಕ್ಕಳಿಗೆ ಕಾಣಬಾರದಂತೆ. ಮಕ್ಕಳಿಗೆ ಈಗ ಮಬ್ಬು ಕಂಡ ಕೂಡಲೇ ಒಳಗೇನಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು.

ಇಷ್ಟು ಹೊತ್ತಿಗೆ ಬ್ರೇಕ್ ಬರುತ್ತದೆ. ಮೂಲೆಯವನಿಗೂ ಆಗ ಬ್ರೇಕ್ ಇರಬೇಕು. ಏಕೆಂದರೆ ಈಗ ತಾನೇ ಸಿಗರೇಟಿಗೆ ಬೈಸಿಕೊಂಡಂಥ ಸ್ಟಾರೇ ಹೆಲಿಕಾಪ್ಟರಿನಿಂದ ಇಳಿದು, ಕೇಸರಿ ಕಣ ಉದುರಿಸುತ್ತಾ ಏಲಕ್ಕಿ ಮಾರುತ್ತಾನೆ. ಬರೀ ಏಲಕ್ಕಿ. ಪೊಟ್ಟಣದ ಬಣ್ಣ, ಹೆಸರು, ಅಕ್ಷರ ಎಲ್ಲ ಪಾನ್ ಮಸಾಲದ್ದೇ, ಆದರೆ ಕಾಗದದಲ್ಲಿ ಏಲಕ್ಕಿ. ಅದೇ ಹೆಸರಿನ ತಂಬಾಕಿನ ಜಾಹೀರಾತು ಕೊಡುವಂತಿಲ್ಲವಲ್ಲ! ಹೆಂಡದ ಕಂಪನಿಗಳೂ ಇದೇ ದಾರಿಯಲ್ಲಿ ಸೋಡಾ ಮಾರಿದವು, ಮ್ಯೂಸಿಕ್ ಸಿಡಿ ಮಾರಿದವು. ಸಿಡಿ ಪ್ಲೇಯರ್‌ಗಳೆಲ್ಲ ಗುಜರಿಗೆ ಹೋದ ಮೇಲೂ ಸಂಗೀತದ ಮೇಲಿನ ಅವರ ಪ್ರೀತಿ ಬತ್ತಲಿಲ್ಲ.

ಏಲಕ್ಕಿಗೆ ಇಷ್ಟು ಬೆಲೆ ಇದ್ದಿದ್ದರೆ ಸಕಲೇಶಪುರದ ಬೆಳೆಗಾರರು ಹೆಲಿಕಾಪ್ಟರಿನಲ್ಲೇ ತೋಟ ಸುತ್ತುತ್ತಿದ್ದರು. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಗೆ ಒಬ್ಬ ಬಾಲಿವುಡ್ ರಾಯಭಾರಿಯೂ ಸಿಗಲಿಲ್ಲ ಪಾಪ. ಪಾನ್ ಮಸಾಲ ಪೊಟ್ಟಣದ ಒಳಗೆ ಮುಖ್ಯವಾಗಿ ಇರುವುದು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂದಿದೆ. (ಶಿವಮೊಗ್ಗ, ಚನ್ನಗಿರಿ ಕಡೆ ನೆಂಟರಿದ್ದರೆ ಈ ವಾಕ್ಯವನ್ನು ಮನಸ್ಸಿನಲ್ಲೇ ಓದಿಕೊಳ್ಳಿ.)

ಸ್ಟಾರುಗಳಿಗೂ ಆಗಾಗ ಜ್ಞಾನೋದಯವಾಗುತ್ತದೆ. ಅಮಿತಾಭ್ ಬಚ್ಚನ್ 2021ರಲ್ಲಿ ಪಾನ್ ಮಸಾಲ ಜಾಹೀರಾತಿನಿಂದ ಹಿಂದೆ ಸರಿದು ಹಣ ವಾಪಸ್ ಮಾಡಿದರು. ಅಕ್ಷಯ್ ಕುಮಾರ್ 2022ರಲ್ಲಿ ಏಲಕ್ಕಿ ಬಿಟ್ಟು, ಅಭಿಮಾನಿಗಳ ಕ್ಷಮೆ ಕೇಳಿದರು. ಜೊತೆಗೆ, ಒಪ್ಪಂದ ಮುಗಿಯುವವರೆಗೆ ಜಾಹೀರಾತು ಬರುತ್ತಿರಬಹುದು ಅಂತಲೂ ತಿಳಿಸಿದರು. ಪಶ್ಚಾತ್ತಾಪ ಇವತ್ತಿನಿಂದ, ಜಾರಿ ಒಪ್ಪಂದದ ಪ್ರಕಾರ.

ಅದಕ್ಕೆ ನನ್ನದೊಂದು ಸಣ್ಣ ಬೇಡಿಕೆ. ಹೊಸ ಕಾನೂನೇನೂ ಬೇಡ. ಮೂಲೆಯ ಅಣ್ಣನಿಗೆ ವಯಸ್ಸಾಯಿತು, ಅವನು ಸಿಗರೇಟು ನೋಡಿಕೊಂಡಿರಲಿ. ಹುಲಿ ಪಕ್ಕ ನಿಂತು ಸುಮ್ನೆ ಕಾಲ ಕಳೆಯುವ ತಮ್ಮನನ್ನು ಬ್ರೇಕಿನ ಹೊತ್ತಿನಲ್ಲಿ ಜಾಹೀರಾತಿಗೆ ಕಳಿಸಿ. ಸ್ಟಾರ್ ಹೆಲಿಕಾಪ್ಟರಿನಿಂದ ಇಳಿದು ಪೊಟ್ಟಣ ಹರಿದ ಕೂಡಲೇ ಅವನು ಕೆಳಗೆ ಬರೆಯಲಿ: ಈ ಏಲಕ್ಕಿ ಸಿಜಿಐ.