ಬಸ್ಸನ್ನು ಸರ್ಕಾರವೇ ಓಡಿಸಬೇಕಾ?

ಪರ: ಹೌದು, ಸರ್ಕಾರವೇ ಓಡಿಸಬೇಕು

ಲಾಭ ಬರುವ ರೂಟಿಗೆ ಬಸ್ಸು ಬಿಡಲು ಸರ್ಕಾರವೇ ಬೇಕು ಅಂತ ನಾನು ಹೇಳುವುದಿಲ್ಲ. ಮೈಸೂರು-ಬೆಂಗಳೂರು ಮಧ್ಯೆ ಯಾರು ಬಸ್ಸು ಬಿಟ್ಟರೂ ಸೀಟು ತುಂಬುತ್ತದೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲಂತೂ ಕೇಳುವುದೇ ಬೇಡ. ನನ್ನ ಪ್ರಶ್ನೆ ಉಳಿದ ರೂಟುಗಳದ್ದು. ಪಾಂಡವಪುರ, ನಾಗಮಂಗಲ, ಮಳವಳ್ಳಿಯಿಂದ ಒಳಗೆ ಹೋಗುವ ಬಸ್ಸುಗಳದ್ದು.

ನಮ್ಮ ಮಂಡ್ಯ ಕಡೆ ಹಾಲ್ಟಿಂಗ್ ಬಸ್ ಅಂತಾರೆ. ರಾತ್ರಿ ಕಡೇ ಟ್ರಿಪ್ ಬಂದು ಊರಲ್ಲೇ ಉಳಿಯುತ್ತದೆ. ಡ್ರೈವರ್, ಕಂಡಕ್ಟರ್ ಕೂಡ ಅಲ್ಲೇ ಮಲಗುತ್ತಾರೆ, ಕೆಲವು ಊರಲ್ಲಿ ಬಸ್ಸಿನ ಸೀಟಿನ ಮೇಲೆ, ಕೆಲವು ಊರಲ್ಲಿ ದೇವಸ್ಥಾನದ ಜಗಲಿ ಮೇಲೆ. ಬೆಳಿಗ್ಗೆ ಆರಕ್ಕೆಲ್ಲ ಮತ್ತೆ ಹೊರಡುತ್ತದೆ. ಆ ಹೊತ್ತಲ್ಲಿ ಆ ಬಸ್ಸಿನ ಒಳಗೆ ಒಮ್ಮೆ ನೋಡಬೇಕು. ಹಿಂದಿನ ಸೀಟಿನ ಕೆಳಗೆ ಸೇವಂತಿಗೆ ಚೀಲ, ಪಕ್ಕದಲ್ಲಿ ಒದ್ದೆ ಗೋಣಿ ಸುತ್ತಿದ ವೀಳ್ಯದೆಲೆ ಪಿಂಡಿ. ಬ್ಯಾಗು ತೊಡೆ ಮೇಲಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಾ ಓದಿಕೊಳ್ಳುವ ಪಿಯುಸಿ ಹುಡುಗಿಯರು. ದೊಡ್ಡಾಸ್ಪತ್ರೆಗೆ ಹೊರಟ ಅಜ್ಜಿಯ ಕೈಯಲ್ಲಿ ಎಕ್ಸ್‌ರೇ ಕವರು. "ಯಜಮಾನ್ರು ಇನ್ನೂ ಬಂದಿಲ್ಲ, ಒಂದ್ನಿಮಿಷ ನೋಡಣ ಇರಣ್ಣ" ಅಂತ ಕಂಡಕ್ಟರು ಡ್ರೈವರಿಗೆ ಹೇಳುತ್ತಾರೆ. ಬಸ್ಸು ನಿಂತು ಕಾಯುತ್ತದೆ.

ಇದೇ ಬಸ್ಸು ಹಿಂದಿನ ರಾತ್ರಿ ಊರಿಗೆ ಬರುವಾಗ ಒಳಗೆ ನಾಲ್ಕೈದು ಜನ ಇದ್ದರೆ ಹೆಚ್ಚು. ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಲಾಭ ನೋಡುವ ಮಾಲೀಕ ಮೊದಲು ಕೈಬಿಡುವುದು ಆ ರಾತ್ರಿ ಟ್ರಿಪ್ಪನ್ನೇ. ಅವನನ್ನು ನಾನು ಬೈಯುವುದಿಲ್ಲ, ಅವನ ಲೋನಿನ ಕಂತು ಅವನಿಗೆ. ಆದರೆ ರಾತ್ರಿ ಬಸ್ಸು ಊರಿಗೆ ಬರದಿದ್ದರೆ ಬೆಳಿಗ್ಗೆ ಊರಿಂದ ಹೊರಡಲು ಬಸ್ಸೇ ಇರುವುದಿಲ್ಲವಲ್ಲ? ಆಗ ಆ ಹೂವು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಹುಡುಗಿಗೆ ಮೊದಲ ಪೀರಿಯಡ್ ತಪ್ಪುತ್ತದೆ, ಸಂಜೆ ಬರುವುದು ತಡವಾಗುತ್ತದೆ, "ಓದಿದ್ದು ಸಾಕು ಬಿಡವ್ವ" ಅನ್ನುವ ಮಾತು ಮನೆಯಲ್ಲಿ ಎದ್ದೇಳಲು ಅಷ್ಟೇ ಸಾಕು. ಈ ನಷ್ಟವನ್ನು ಯಾವ ಬಸ್ ಕಂಪನಿಯ ಲೆಕ್ಕದ ಪುಸ್ತಕದಲ್ಲೂ ಬರೆಯುವುದಿಲ್ಲ. ಬರೆದುಕೊಳ್ಳಬೇಕಾದವರು ಸರ್ಕಾರದವರು, ಯಾಕಂದ್ರೆ ಆ ಹುಡುಗಿಗೆ ಕಾಲೇಜು ಕಟ್ಟಿಸಿದ್ದೂ ಅವರೇ, ಆ ಅಜ್ಜಿಗೆ ಆಸ್ಪತ್ರೆ ಕಟ್ಟಿಸಿದ್ದೂ ಅವರೇ. ಕಟ್ಟಡ ಕಟ್ಟಿ, ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಲಾಭ ನಷ್ಟಕ್ಕೆ ಬಿಡೋದು ಯಾವ ನ್ಯಾಯ?

ಇದು ಈಗ ಹುಟ್ಟಿದ ಯೋಚನೆಯೂ ಅಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರ 120 ಬಸ್ಸು ಇಟ್ಟುಕೊಂಡು ತನ್ನದೇ ಸಾರಿಗೆ ಇಲಾಖೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. 1976ರಲ್ಲಿ ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನೂ, ಅಂದರೆ ಇಡೀ ಬಸ್ಸನ್ನೇ ಬಾಡಿಗೆಗೆ ಕೊಡುವ ಗಾಡಿಗಳನ್ನೂ, ರಾಜ್ಯ ಸರ್ಕಾರ ಕಾನೂನು ಮಾಡಿ ವಶಕ್ಕೆ ತೆಗೆದುಕೊಂಡಿತು, ಅದು ಸುಪ್ರೀಂ ಕೋರ್ಟಿನಲ್ಲೂ ನಿಂತಿತು. ಕೆಂಪು ಬಸ್ಸು ಹಳ್ಳಿ ಹಳ್ಳಿಗೆ ಹೋಗಿದ್ದು ಹೀಗೆ ಹಟ ಹಿಡಿದು ಮಾಡಿದ್ದರಿಂದ, ಸುಮ್ನೆ ತಾನಾಗಿ ಆಗಿದ್ದಲ್ಲ.

ಶಕ್ತಿ ಯೋಜನೆ ನೋಡಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿತು. ಆ ಯೋಜನೆ ಸರಿಯೋ ತಪ್ಪೋ ಅಂತ ಜಗಳ ಇರಲಿ. ಒಂದು ದಿನ ತೀರ್ಮಾನ ಮಾಡಿ, ರಾಜ್ಯದುದ್ದಕ್ಕೂ ಅದನ್ನು ಜಾರಿಗೆ ತರಲು ಆಗಿದ್ದು ಬಸ್ಸುಗಳು ಸರ್ಕಾರದ ಕೈಯಲ್ಲಿದ್ದದ್ದರಿಂದ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಅಲ್ಲಿನ ಎಷ್ಟೋ ಹೆಂಗಸರು ಅದೇ ರಾಜ್ಯದಲ್ಲಿದ್ದುಕೊಂಡು ಈಗಲೂ ದುಡ್ಡು ಕೊಟ್ಟೇ ಓಡಾಡುತ್ತಾರೆ.

ಹಬ್ಬದ ಮಾತು ಬೇರೆ ಇದೆ. ದೀಪಾವಳಿ, ಯುಗಾದಿ ಹಿಂದಿನ ರಾತ್ರಿ ಖಾಸಗಿ ಸ್ಲೀಪರ್ ಬಸ್ಸುಗಳ ಟಿಕೆಟ್ ದರ ಎಲ್ಲಿಗೆ ಹೋಗುತ್ತದೆ ಅಂತ ಬೆಂಗಳೂರಿಂದ ಊರಿಗೆ ಬರುವ ಮಕ್ಕಳಿರುವ ಯಾವ ಮನೆಯಲ್ಲಾದರೂ ಕೇಳಿ.

ಹೊರಗಿನವರ ಅನುಭವವೂ ಇದೆ. ದೆಹಲಿಯಲ್ಲಿ ಖಾಸಗಿ ಬ್ಲೂಲೈನ್ ಬಸ್ಸುಗಳು ಪ್ಯಾಸೆಂಜರ್‌ಗೋಸ್ಕರ ಒಂದರ ಹಿಂದೆ ಒಂದು ನುಗ್ಗಿ, ಎಷ್ಟೋ ಜನ ಸತ್ತು, ಕೊನೆಗೆ ರಸ್ತೆಯಿಂದಲೇ ತೆಗೆಯಬೇಕಾಯಿತು. ಬ್ರಿಟನ್ನಿನಲ್ಲಿ 1986ರಲ್ಲಿ ಲಂಡನ್ ಬಿಟ್ಟು ಉಳಿದ ಕಡೆಯ ಬಸ್ಸುಗಳನ್ನು ಮುಕ್ತ ಪೈಪೋಟಿಗೆ ಬಿಟ್ಟರು. ಮ್ಯಾಂಚೆಸ್ಟರ್ ಸುತ್ತಿನ ಊರುಗಳು 2023ರಿಂದ 2025ರ ನಡುವೆ ರೂಟು, ದರ, ಟೈಮಿಂಗ್ ಎಲ್ಲವನ್ನೂ ಮತ್ತೆ ಸಾರ್ವಜನಿಕ ಹಿಡಿತಕ್ಕೆ ತಂದುಕೊಂಡವು. ಹತ್ತಿರ ಹತ್ತಿರ ನಲವತ್ತು ವರ್ಷ ನೋಡಿ ವಾಪಸ್ ಬಂದಿದ್ದಾರೆ. ನಾವು ಯಾಕೆ ಅದೇ ಸುತ್ತು ಸುತ್ತಬೇಕು?

ನಮ್ಮಲ್ಲೇ ಕೊಪ್ಪದ ಸಹಕಾರ ಸಾರಿಗೆ ಇತ್ತು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ್ದು. ಮಲೆನಾಡಿನ ಮೂಲೆ ಮೂಲೆಗೆ ಹೋಗುತ್ತಿತ್ತು, ಜನ ಪ್ರೀತಿಯಿಂದ ನೆನೆಯುವ ಬಸ್ಸು. ಮಾಲೀಕನ ದುರಾಸೆ ಅಲ್ಲಿ ಇರಲೇ ಇಲ್ಲ. ಆದರೂ 2020ರಲ್ಲಿ ನಷ್ಟ ತಡೆಯಲಾರದೆ ನಿಂತಿತು. ಒಳ್ಳೆ ಮನಸ್ಸಿದ್ದರೂ ಟಿಕೆಟ್ ದುಡ್ಡೊಂದರಿಂದಲೇ ಹಳ್ಳಿ ಬಸ್ಸು ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ವಿರೋಧ: ಬೇಡ, ಓಡಿಸುವ ಕೆಲಸ ಬೇರೆಯವರು ಮಾಡಲಿ

ಹಳ್ಳಿಗೆ ಬಸ್ಸು ಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಅದಕ್ಕೆ ಸರ್ಕಾರ ದುಡ್ಡು ಹಾಕಬೇಕು ಅನ್ನುವುದಕ್ಕೂ ತಕರಾರಿಲ್ಲ. ದುಡ್ಡು ಹಾಕುವವರೇ ಬಸ್ಸನ್ನೂ ಓಡಿಸಬೇಕು ಅನ್ನುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಈಗ ಏನಾಗುತ್ತಿದೆ? ಟಿಕೆಟ್ ದರ ಏರಿಸಬೇಕೋ ಬೇಡವೋ ಅಂತ ನೋಡುವುದು ಚುನಾವಣೆಯ ಕ್ಯಾಲೆಂಡರ್. ವರ್ಷಗಟ್ಟಲೆ ಮುಟ್ಟದೆ ಇಟ್ಟು 2025ರ ಜನವರಿಯಲ್ಲಿ ಒಮ್ಮೆಲೇ ನೂರಕ್ಕೆ 15ರಷ್ಟು ಏರಿಸಿದರು. ಪ್ರತಿ ವರ್ಷ ಡೀಸೆಲ್ ದರ ನೋಡಿ ಒಂದೆರಡು ರೂಪಾಯಿ ಏರಿಸಿದ್ದರೆ ಕೂಲಿ ಮಾಡುವ ಗಂಡಸಿಗೆ ಅಷ್ಟು ಹೊರೆ ಆಗುತ್ತಿರಲಿಲ್ಲ. ಉಚಿತ ಪ್ರಯಾಣ ಘೋಷಿಸುವುದು ಸರ್ಕಾರ, ಅದರ ದುಡ್ಡು ಬಾಕಿ ಉಳಿಸಿಕೊಳ್ಳುವುದೂ ಸರ್ಕಾರವೇ. ನಿಗಮದವರು ಯಾರನ್ನು ಕೇಳಬೇಕು? ಮಾಲೀಕರನ್ನೇ ಕೋರ್ಟಿಗೆ ಎಳೆಯಲು ಆಗುತ್ತದಾ? ನಿಗಮದ ಅಧ್ಯಕ್ಷ ಸ್ಥಾನ ಯಾರಿಗೆ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು, ಮಂತ್ರಿ ಆಗದೆ ಉಳಿದವರ ಸಮಾಧಾನಕ್ಕೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಮಿನಲ್ಲಿ ನಿಗಮ ವ್ಯವಹಾರದ ತತ್ವದ ಮೇಲೆ ನಡೆಯಬೇಕು ಅಂತಲೇ ಇದೆ. ಅದನ್ನು ನಡೆಸಲು ಬಿಟ್ಟವರು ಯಾರು?

ಇನ್ನೊಂದು ಮಾತು. ಎಲ್ಲಾ ಬಸ್ಸು ಒಂದೇ ಕೈಯಲ್ಲಿದ್ದರೆ ಆ ಕೈ ನಿಂತ ದಿನ ಊರೂ ನಿಲ್ಲುತ್ತದೆ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಮಾಡಿದರು, ಅದು ಸುಮಾರು ಎರಡು ವಾರ ನಡೆಯಿತು. ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು, ನಾನು ಅವರ ವಿರುದ್ಧ ಒಂದು ಮಾತೂ ಆಡುವುದಿಲ್ಲ. 2025ರ ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬಂದರು, 38 ತಿಂಗಳ ಸಂಬಳದ ಹಿಂಬಾಕಿಗಾಗಿ. ಹಿಂಬಾಕಿ ಇಷ್ಟು ಬೆಳೆಯುವವರೆಗೆ ಸುಮ್ಮನಿದ್ದ ಮಾಲೀಕರು ಯಾರು? ಸರ್ಕಾರ. ಒಬ್ಬ ಖಾಸಗಿ ಮಾಲೀಕ ಹೀಗೆ ಮಾಡಿದ್ದರೆ ನೀವೇ ಮೊದಲು ಬೋರ್ಡು ಹಿಡಿದು ನಿಲ್ಲುತ್ತಿದ್ದಿರಿ. 2021ರ ಆ ಮುಷ್ಕರದಲ್ಲಿ ಸರ್ಕಾರ ಯಾರನ್ನು ಕರೆದು ಸರ್ಕಾರಿ ಬಸ್ ಸ್ಟ್ಯಾಂಡಿನ ಒಳಗೆ ಬಿಟ್ಟಿತು ಅಂತಲೂ ನೆನಪಿರಲಿ. ಖಾಸಗಿ ಬಸ್ಸುಗಳನ್ನೇ ಅಲ್ವಾ?

ಮೈಸೂರನ್ನೇ ನೋಡೋಣ. ನಗರದೊಳಗೆ ಸಿಟಿ ಬಸ್ ಅಂದರೆ ಸರ್ಕಾರದ್ದೊಂದೇ. ಊರು ರಿಂಗ್ ರೋಡ್ ದಾಟಿ ಎಲ್ಲೆಲ್ಲೋ ಬೆಳೆದಿದೆ, ದಿಕ್ಕಿಗೊಂದು ಲೇಔಟ್ ಎದ್ದಿದೆ. ಬಸ್ಸುಗಳು ಮಾತ್ರ ಇವತ್ತಿಗೂ ಹೆಚ್ಚಾಗಿ ಸಿಟಿ ಬಸ್ ಸ್ಟ್ಯಾಂಡಿಗೆ ಬಂದು ಅಲ್ಲಿಂದಲೇ ಹೊರಡುತ್ತವೆ. ರಿಂಗ್ ರೋಡಿನ ಒಂದು ಬದಿಯಿಂದ ಇನ್ನೊಂದು ಬದಿಯ ಕೆಲಸಕ್ಕೆ ಹೋಗುವವರು ಅರಮನೆ ಹತ್ತಿರ ಬಂದು, ಇನ್ನೊಂದು ಬಸ್ಸು ಹಿಡಿದು, ಮತ್ತೆ ಹೊರಗೆ ಹೋಗಬೇಕು. ಯಾರು ಹೋಗುತ್ತಾರೆ? ಕಂತಿನ ಮೇಲೆ ಒಂದು ಸ್ಕೂಟರ್ ತೆಗೆದುಕೊಳ್ಳುತ್ತಾರೆ. ಇತ್ತ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಸುತ್ತ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ನೋಡಿ. ಬೆಳಕು ಹರಿಯುವ ಹೊತ್ತಿಗೆ ಊರಿನ ಅರಳಿಕಟ್ಟೆ ಹತ್ತಿರ ಟೆಂಪೋ ಬಂದು ಹಾರನ್ ಹೊಡೆಯುತ್ತದೆ. ಟಿಫನ್ ಡಬ್ಬಿ ಹಿಡಿದು, ತಲೆ ಬಾಚಿಕೊಳ್ಳುತ್ತಲೇ ಓಡಿಬಂದು ಹತ್ತುತ್ತಾರೆ. ಆ ಗಾಡಿ ಖಾಸಗಿಯವರದು. ಅವರಿಗೆ ಉಚಿತ ಬಸ್ಸು ಇದೆ, ಆದರೆ ಆ ಹೊತ್ತಿಗೆ, ಆ ದಾರಿಯಲ್ಲಿ ಇಲ್ಲ. ಶಿಫ್ಟಿಗೆ ಸಿಗದ ಬಸ್ಸು ಉಚಿತವಾದರೇನು, ದುಡ್ಡಿಂದಾದರೇನು?

ನೀವು ದೂರಿದ ಮಂಗಳೂರಿಗೇ ಬರುತ್ತೇನೆ. ಅಲ್ಲಿ ಸ್ಟಾಪಿನಲ್ಲಿ ನಿಂತರೆ ಒಂದು ಬಸ್ಸು ಹೋದ ಹಿಂದೆಯೇ ಇನ್ನೊಂದು ಬರುತ್ತದೆ. ಜೋರಾಗಿ ಓಡಿಸುತ್ತಾರೆ, ಹೌದು, ಅದು ತಪ್ಪು. ಆದರೆ ಓಡಿಸುವುದು ಯಾಕೆ? ದಿನದ ಕಲೆಕ್ಷನ್ ಮೇಲೆ ಅವರ ಬದುಕು ನಿಂತಿದೆ. ದೆಹಲಿಯ ಬ್ಲೂಲೈನ್ ರೋಗವೂ ಅದೇ. ಟಿಕೆಟ್ ಕಲೆಕ್ಷನ್ ಮೇಲೆ ಬಿಡುವುದರ ಬದಲು ಸರ್ಕಾರ ಬಸ್ಸಿನವರಿಗೆ ಓಡಿಸಿದ ಕಿಲೋಮೀಟರಿಗಿಷ್ಟು ಅಂತ ಕೊಟ್ಟರೆ ಆ ಓಟ ನಿಲ್ಲುತ್ತದೆ. ಹೆಚ್ಚು ಜನ ಹತ್ತಿದರೂ ಅಷ್ಟೇ, ಖಾಲಿ ಹೋದರೂ ಅಷ್ಟೇ, ಅವನು ಯಾಕೆ ನುಗ್ಗುತ್ತಾನೆ?

ಇದು ಕನಸಿನ ಮಾತಲ್ಲ. ಲಂಡನ್ನಿನ ಕೆಂಪು ಬಸ್ಸುಗಳನ್ನು ಓಡಿಸುವುದು ಖಾಸಗಿ ಕಂಪನಿಗಳು. ರೂಟು, ದರ, ಟೈಮಿಂಗ್ ನಗರದ ಸಾರಿಗೆ ಸಂಸ್ಥೆಯದು. ನೀವು ಹೇಳಿದ ಮ್ಯಾಂಚೆಸ್ಟರ್ ವಾಪಸ್ ಬಂದಿದ್ದು ಕೂಡ ಇದೇ ಪದ್ಧತಿಗೆ, ಅಲ್ಲಿ ಈಗಲೂ ಬಸ್ಸು ಓಡಿಸುವುದು ಟೆಂಡರ್ ಗೆದ್ದ ಕಂಪನಿಗಳೇ. ಬೆಂಗಳೂರಿನಲ್ಲಿ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳೂ ಹೀಗೇ ನಡೆಯುತ್ತಿವೆ: ಬಸ್ಸು, ಡ್ರೈವರ್ ಕಂಪನಿಯವರು, ಕಂಡಕ್ಟರ್ ನಿಗಮದವರು, ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ನಗರಗಳಿಗೆ ಎಲೆಕ್ಟ್ರಿಕ್ ಬಸ್ಸು ಕೊಡುವ ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ಮೈಸೂರಿನ ಹೆಸರೂ ಇದೆ, ಅದೂ ಇದೇ ದಾರಿ. ಇಲ್ಲಿ ಡ್ರೈವರಿಗೆ ಸಂಬಳ ಕಡಿಮೆ, ಕೆಲಸಕ್ಕೆ ಭದ್ರತೆ ಇಲ್ಲ ಅನ್ನುವ ದೂರು ಇದೆ. ಆ ದೂರು ನಿಜವಾದದ್ದು. ಹಾಗಾದರೆ ಕನಿಷ್ಠ ಸಂಬಳ, ಪಿಎಫ್, ಎಂಟು ಗಂಟೆ ಕೆಲಸ ಎಲ್ಲವನ್ನೂ ಟೆಂಡರಿನಲ್ಲೇ ಬರೆಯಿರಿ. ಬರೆದಿದ್ದು ತಪ್ಪಿದರೆ ಬಿಲ್ಲಿನಲ್ಲಿ ಹಿಡಿಯಿರಿ.

ಕೊಪ್ಪದ ಸಹಕಾರ ಸಾರಿಗೆಯ ವಿಷಯಕ್ಕೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಅದರಿಂದ ನೀವು ಕಲಿತ ಪಾಠ ಬೇರೆ, ನಾನು ಕಲಿತದ್ದು ಬೇರೆ. ಒಳ್ಳೆಯ ಸಂಸ್ಥೆಯೊಂದು ಕಾಡಿನ ಊರುಗಳಿಗೆ ಬಸ್ಸು ಬಿಡುತ್ತಿದ್ದಾಗ, ಆ ಟ್ರಿಪ್ಪುಗಳಿಗೆ ಕಿಲೋಮೀಟರಿಗಿಷ್ಟು ಅಂತ ಸರ್ಕಾರ ಕೊಡುತ್ತಾ ಬಂದಿದ್ದರೆ ಅದು ಇವತ್ತಿಗೂ ಓಡುತ್ತಿತ್ತು ಅಂತ ನಾನು ನಂಬಿದ್ದೇನೆ. ಬಸ್ಸಿನ ಮೇಲೆ ಯಾರ ಹೆಸರಿದೆ ಅಂತ ನೋಡಿ ದುಡ್ಡು ಕೊಡುವುದು ನಿಲ್ಲಬೇಕು.

ಮೈಸೂರಿನಲ್ಲಿ ಇದನ್ನು ಶುರು ಮಾಡಲು ದೊಡ್ಡ ಕ್ರಾಂತಿ ಬೇಡ. ರಿಂಗ್ ರೋಡಿನ ಸುತ್ತ ಓಡುವ ಒಂದು ರೂಟಿಗೆ ಮೂರು ವರ್ಷದ ಟೆಂಡರ್ ಕರೆಯಲಿ, ಬೇಕಿದ್ದರೆ ನಿಗಮವೂ ಅದರಲ್ಲಿ ಸ್ಪರ್ಧೆ ಮಾಡಲಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹತ್ತು ನಿಮಿಷಕ್ಕೊಂದು ಬಸ್ಸು, ಹೆಂಗಸರಿಗೆ ಶೂನ್ಯ ಟಿಕೆಟ್ ಅದರಲ್ಲೂ ಇರಲಿ, ತಪ್ಪಿದ ಪ್ರತಿ ಟ್ರಿಪ್ಪಿಗೂ ದಂಡ. ಯಾವ ಟ್ರಿಪ್ ತಪ್ಪಿತು, ಎಷ್ಟು ದಂಡ ಹಾಕಿದರು ಅನ್ನುವುದನ್ನು ತಿಂಗಳಿಗೊಮ್ಮೆ ಸಿಟಿ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಅಂಟಿಸಲಿ.