ಮೇಷ್ಟ್ರ ಹೆಲ್ಮೆಟ್

ಎದುರುಮನೆ ಮೇಷ್ಟ್ರು ದಂಪತಿ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೊರಟಾಗ ತುಳಸಿ ಗಿಡವನ್ನು ಪಕ್ಕದ ಮನೆಯವರಿಗೂ ನಾಯಿ ಗುಂಡನನ್ನು ನಮಗೂ ವಹಿಸಿದರು. ತುಳಸಿ ಸಿಕ್ಕವರು ಪುಣ್ಯವಂತರು.

ಗುಂಡ ಮೈಸೂರಿನ ಕುವೆಂಪುನಗರದ ಬೀದಿಯಲ್ಲೇ ಹುಟ್ಟಿ, ಮರಿಯಾಗಿದ್ದಾಗಲೇ ಮೇಷ್ಟ್ರ ಸ್ಕೂಟರಿನಲ್ಲಿ ಕಾಲಿಡುವ ಜಾಗವನ್ನು ಕಾಯಂ ಮಾಡಿಕೊಂಡವನು. ಮಹಾ ಸಂಭಾವಿತ. ಆದರೆ ಟ್ಯಾಕ್ಸಿ ತಿರುವು ದಾಟಿದ್ದೇ ತಡ, ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಶತಪಥ ಶುರು. ಮೊಸರನ್ನ ಮೂಸಿಯೂ ನೋಡಲಿಲ್ಲ. ರಾತ್ರಿ ವಿಳಂಬಕಾಲದಲ್ಲಿ ಆಲಾಪನೆ ಎತ್ತಿಕೊಂಡ; ಬೀದಿಯ ಸಮಸ್ತರೂ ಪಕ್ಕವಾದ್ಯಕ್ಕೆ ಕೂತರು.

ವಿಡಿಯೊ ಕಾಲ್ ಮಾಡಿದೆವು. ಮೇಷ್ಟ್ರು ಅಲ್ಲಿಂದ "ಗುಂಡಾ, ಜಾಣಮರಿ" ಅಂದರು. ಇವನು ಫೋನಿನ ಹಿಂದೆ ನೋಡಿದ, ಸೋಫಾ ಕೆಳಗೆ ನುಗ್ಗಿದ, ಬಚ್ಚಲಿಗೂ ಹೋಗಿ ಹುಡುಕಿ ಬಂದ. ಎಲ್ಲೂ ಇಲ್ಲ ಅಂತ ಖಾತ್ರಿಯಾದ ಮೇಲೆ ದನಿ ದುಪ್ಪಟ್ಟಾಯಿತು. ಆ ಹೊತ್ತಿಗೇ ನಮ್ಮ ಮಗನಿಗೆ ಜಪಾನಿನ ಹಾಚಿಕೊ ನೆನಪಾಗಬೇಕೆ! ಯಜಮಾನ 1925ರಲ್ಲಿ ತೀರಿಕೊಂಡರೂ ಆ ನಾಯಿ 1935ರಲ್ಲಿ ತಾನು ಸಾಯುವವರೆಗೆ ಶಿಬುಯಾ ಸ್ಟೇಷನ್ನಿನಲ್ಲಿ ಕಾಯುತ್ತಿತ್ತು ಎಂದು ವಿವರಿಸಿದ. "ಹತ್ತು ವರ್ಷವಾ!" ಎಂದು ನನ್ನ ಹೆಂಡತಿ ಹಾಸಿಗೆಯ ಮೇಲೆ ಎದ್ದು ಕೂತಳು.

ಪಶುವೈದ್ಯರು ಸಮಾಧಾನವಾಗಿ ಕೇಳಿದರು: "ಯಜಮಾನರು ಉಟ್ಟು ಬಿಟ್ಟ, ಒಗೆಯದ ಬಟ್ಟೆ ಏನಾದರೂ ಇದೆಯಾ?" ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 60 ಲಕ್ಷದಷ್ಟಿದ್ದರೆ ನಾಯಿಗೆ 30 ಕೋಟಿಯವರೆಗೂ ಇರುತ್ತವಂತೆ. ಬರೀ ದನಿ ಕೇಳಿ ವಾಸನೆ ಬಾರದಿದ್ದರೆ ಅದಕ್ಕೆ ಗಾಬರಿಯಾಗದೆ ಇನ್ನೇನಾದೀತು?

ಕೀಲಿಕೈ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಊರಿಗೆ ಹೊರಡುವ ಮುನ್ನ ನಮ್ಮ ಹೆಂಗಸರು ಮನೆಯನ್ನು ಹೇಗೆ ತಿಕ್ಕುತ್ತಾರೆಂದು ನಿಮಗೆ ಗೊತ್ತಲ್ಲ. ಬನಿಯನ್ನು, ಪಂಚೆ, ದಿಂಬಿನ ಚೀಲ, ಕಾಲೊರಸು ಎಲ್ಲ ಒಗೆದು ಮಡಿಸಿ, ಮೇಲೆ ನುಸಿಗುಳಿಗೆ ಬೇರೆ. ಇಡೀ ಮನೆಯಲ್ಲಿ ನೀರು ಕಾಣದೆ ಉಳಿದಿದ್ದು ಒಂದೇ, ಬಾಗಿಲ ಹಿಂದೆ ಮೊಳೆಗೆ ನೇತುಬಿಟ್ಟ ಹೆಲ್ಮೆಟ್. ಅದರೊಳಗೆ ವರ್ಷಾನುಗಟ್ಟಲೆಯ ಕೊಬ್ಬರಿ ಎಣ್ಣೆ, ಬೆವರು, ಅಷ್ಟಿಷ್ಟು ವಿಭೂತಿ.

ಗುಂಡ ಅದರೊಳಗೆ ಇಡೀ ಮುಖ ತೂರಿಸಿ, ಉಸ್ಸೆಂದು ಹಾಗೇ ನಿದ್ದೆಹೋದ. ಬೀದಿಯೂ ಮಲಗಿತು.

ಹಾಲಿಗೆ ಹೊರಟವನು ಒಂದು ಬೆಳಿಗ್ಗೆ ಅದನ್ನೇ ತಲೆಗೇರಿಸಿಕೊಂಡೆ. ಮನೆಗೆ ಬಂದು ತೆಗೆಯಹೋದರೆ ಗುಂಡ ಕುಂಯ್‌ಗುಟ್ಟಿದ. ಹಾಕಿಕೊಂಡೇ ಕೂತೆ, ಕಾಲಬುಡದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ, ಮೊಸರನ್ನವನ್ನೂ ತಿಂದ. ಹಾಗಾಗಿ ಪೇಪರ್ ಓದುವುದು, ಕಾಫಿ ಕುಡಿಯುವುದು ಎಲ್ಲ ಹೆಲ್ಮೆಟ್ಟಿನೊಳಗಿಂದಲೇ ಎಂದಾಯಿತು. ಗ್ಯಾಸ್ ತಂದ ಹುಡುಗ ನನ್ನನ್ನು ನೋಡಿ, "ಅಷ್ಟೊಂದು ಹೆದರ್ಬೇಡಿ ಸಾರ್, ಸಿಲಿಂಡರ್ ಹಂಗೆಲ್ಲ ಸಿಡಿಯಲ್ಲ" ಅಂದ.

ವೈದ್ಯರ ಇನ್ನೊಂದು ಉಪಾಯ, ಒಂಟಿಯಾಗಿರುವುದನ್ನು ಅವನಿಗೆ ರೂಢಿ ಮಾಡಿಸುವುದು. ಮುದ್ದಾಡದೆ, ಟಾಟಾ ಹೇಳದೆ ಹೊರಗೆ ಹೋಗಿ ಒಂದು ನಿಮಿಷಕ್ಕೆ ವಾಪಸ್ಸಾಗಬೇಕು, ಆಮೇಲೆ ಎರಡು ನಿಮಿಷಕ್ಕೆ, ಹೀಗೇ ಬೆಳೆಸುತ್ತ ಹೋಗಬೇಕು. ಗೇಟಿನಾಚೆ ಗಡಿಯಾರ ನೋಡುತ್ತ ನಿಂತ ನನ್ನನ್ನು ತುಳಸಿ ಪಡೆದ ಪುಣ್ಯವಂತರು ಪಕ್ಕಕ್ಕೆ ಕರೆದು, "ಮನೇಲಿ ಏನಾದ್ರೂ ಮಾತು ಬಂತಾ? ನಮ್ಮಲ್ಲಿ ತಿಂಡಿ ಆಗಿದೆ, ಬನ್ನಿ" ಎಂದರು. ಹೋದೆ. ಉಪ್ಪಿಟ್ಟು ಚೆನ್ನಾಗಿತ್ತು. ಗುಂಡ ಅಷ್ಟೂ ಹೊತ್ತು ಸುಮ್ಮನಿದ್ದನಂತೆ.

ಕೊನೆಗೂ ಮೇಷ್ಟ್ರು ಬಂದರು. ಗುಂಡ ಅವರ ಮೇಲೆ ಹಾರಿ, ಕನ್ನಡಕ ಬೀಳಿಸಿ, ಕುಣಿದು ಕುಪ್ಪಳಿಸಿದ. ನಮ್ಮತ್ತ ಕಣ್ಣೆತ್ತಿಯೂ ನೋಡಲಿಲ್ಲ. ಹೆಲ್ಮೆಟ್ಟನ್ನೂ ಒಪ್ಪಿಸಿ ಹಗುರಾದೆವು.

ಮರುದಿನವೇ ಮೇಷ್ಟ್ರು ಗೇಟಿನಲ್ಲಿ ಹಾಜರು.

"ಅಲ್ಲ ಸಾರ್, ನಾನು ಹೆಲ್ಮೆಟ್ ಹಾಕಿದ ಕೂಡಲೇ ಇವನು ಸ್ಕೂಟರ್ ಹತ್ತದೆ ನಿಮ್ಮ ಮನೆ ಕಡೆ ಓಡ್ತಾನೆ. ನೀವು ತಲೆಗೆ ಹರಳೆಣ್ಣೆ ಏನಾದ್ರೂ ಹಚ್ತೀರಾ?"