ಮಗುವೇ ಕೆಲಸ ಆರಿಸಿಕೊಳ್ಳುವ ಪುಟ್ಟ ಶಾಲೆ: ಪರ - ವಿರೋಧ

ಮೂರರಿಂದ ಆರು ವರ್ಷದ ಮಗುವನ್ನು, ದಿನದ ಕೆಲಸವನ್ನು ಮಗುವಿನ ಆಯ್ಕೆಗೇ ಬಿಡುವ ಸಣ್ಣ ಖಾಸಗಿ ಶಾಲೆಗೆ ಸೇರಿಸಬೇಕೆ?

ಪರ: ತಪ್ಪು ಮಗುವಿನ ಕಣ್ಣಿಗೇ ಕಾಣಲಿ

ನೀರು ಸುರಿಯುವ ಟ್ರೇಯನ್ನೇ ನೋಡಿ. ಒಂದರಿಂದ ಇನ್ನೊಂದಕ್ಕೆ ಸುರಿಯಲು ಎರಡು ಪುಟ್ಟ ಜಗ್, ಒಂದು ಸ್ಪಂಜು, ಅಷ್ಟೇ. ಮೊದಲು ಒಣಕಾಳು ಸುರಿಯುವುದು, ಕೈ ಪಳಗಿದ ಮೇಲೆ ನೀರು. ಜಗ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ತುಂಬಿದ್ದರೆ ಪುಟ್ಟ ಮಣಿಕಟ್ಟು ಭಾರ ತಡೆಯಲಾರದೆ ಒಮ್ಮೆಗೇ ವಾಲಿ, ನೀರೆಲ್ಲ ಟ್ರೇ ಪಾಲು. ಚೆಲ್ಲಿದ್ದು ಮಗುವಿಗೇ ಕಾಣುತ್ತದೆ, ಒರೆಸಲು ಸ್ಪಂಜು ಪಕ್ಕದಲ್ಲೇ ಇದೆ. "ತಪ್ಪು ಮಾಡಿದೆ" ಎಂದು ಯಾರೂ ಹೇಳಬೇಕಾಗಿಲ್ಲ.

1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆ ತೆರೆದ ಮರಿಯಾ ಮಾಂಟೆಸ್ಸೊರಿ ಅವರ ಪದ್ಧತಿಯಲ್ಲಿ ಅನೇಕ ಸಾಮಗ್ರಿಗಳು ಇದೇ ಜಾಡಿನವು. ಗುಲಾಬಿ ಗೋಪುರ ಎಂಬುದರಲ್ಲಿ ದೊಡ್ಡದರ ಮೇಲೆ ಚಿಕ್ಕದನ್ನಿಟ್ಟು ಪೇರಿಸುವ 10 ಘನಗಳು. ಅಂಚಿನ ಅಳತೆ 1 ಸೆಂ.ಮೀ.ಯಿಂದ 10 ಸೆಂ.ಮೀ. ಒಂದನ್ನು ಅದಲುಬದಲು ಇಟ್ಟರೂ ದೊಡ್ಡದು ಚಿಕ್ಕದರ ಮೇಲೆ ಚಾಚಿಕೊಂಡು ನಿಲ್ಲುತ್ತದೆ. ಬಿಡಿಸಿ ಮತ್ತೆ ಕಟ್ಟುವ ಮಗುವಿನ ಮುಖ ನೋಡಿದರೆ ಹೊರಗಿನ ಶಹಬ್ಬಾಸ್‌ಗಿರಿ ಎಷ್ಟು ಬೇಡದ್ದು ಎಂದು ತಿಳಿಯುತ್ತದೆ.

ಇದಕ್ಕೆ ಬೇಕಾದದ್ದು ಸಮಯ. ಬೆಳಗಿನ ಎರಡೂವರೆ, ಮೂರು ತಾಸು ಯಾರೂ ತಡೆಯದೆ ಸಿಗಬೇಕು. ಅರ್ಧ ತಾಸಿಗೊಮ್ಮೆ ಬೆಲ್ ಹೊಡೆದರೆ ಮನಸ್ಸು ನೆಲೆಯೂರುವ ಹೊತ್ತಿಗೇ ಮಗು ಏಳಬೇಕಾಗುತ್ತದೆ. ನಡುವೆ ಒಂದು ಹೊತ್ತು ಗದ್ದಲ, ಅಲೆದಾಟ ಇದ್ದೇ ಇರುತ್ತದೆ. ಹೊಸ ಶಿಕ್ಷಕಿ ಗಾಬರಿಯಾಗಿ ಎಲ್ಲರನ್ನೂ ಸಾಲಾಗಿ ಕೂರಿಸುವುದು ಇಲ್ಲೇ. ತುಸು ತಾಳಿಕೊಂಡರೆ, ಆ ಗದ್ದಲದ ನಂತರವೇ ಅನೇಕ ಮಕ್ಕಳು ಹೆಚ್ಚು ಕಷ್ಟದ ಕೆಲಸಕ್ಕೆ ಕೈಹಾಕುತ್ತಾರೆ. ಹೀಗೆ ತಾಳಿಕೊಳ್ಳಲು ನಲವತ್ತು ಮಕ್ಕಳ ಕೋಣೆಯಲ್ಲಿ ಕಷ್ಟ, ಹನ್ನೆರಡರಲ್ಲಿ ಸಾಧ್ಯ.

ವಿರೋಧ: ಹೊಣೆಯೆಲ್ಲ ಒಬ್ಬರ ನೋಟ್‌ಬುಕ್ಕಿನ ಮೇಲೆ

ಪದ್ಧತಿಯ ಬಗ್ಗೆ ತಕರಾರಿಲ್ಲ. ಅದನ್ನು ಹೊರುವ ಶಕ್ತಿ ಸಣ್ಣ ಶಾಲೆಗಿದೆಯೇ ಎಂಬುದೇ ಸಂಶಯ. ಮಗು ತಾನೇ ಆರಿಸುವುದಾದರೆ, ಅದು ಯಾವುದನ್ನು ಮುಟ್ಟುತ್ತಿಲ್ಲ ಎಂಬುದನ್ನು ಒಬ್ಬರು ದಿನಾ ಬರೆದಿಡಬೇಕು. ಇರುವ ಇಬ್ಬರು ಶಿಕ್ಷಕಿಯರಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರ ದಿನ ಮೂಗು ಒರೆಸುವುದರಲ್ಲಿ, ಬಚ್ಚಲಿಗೆ ಕರೆದೊಯ್ಯುವುದರಲ್ಲಿ, ಅಳು ಸಮಾಧಾನಿಸುವುದರಲ್ಲೇ ಮುಗಿಯುತ್ತದೆ. ನೋಟ್‌ಬುಕ್ ಖಾಲಿ ಉಳಿಯುತ್ತದೆ.

ಪೆಟ್ಟು ಬೀಳುವುದು ಓದಿಗೆ. ಮಾತು ಮನೆಮಂದಿಯ ನಡುವೆ ತಾನಾಗಿ ಬರುತ್ತದೆ, ಅಕ್ಷರ ಹಾಗೆ ಬರುವುದಿಲ್ಲ, ಯಾರಾದರೂ ಹೇಳಿಕೊಡಲೇಬೇಕು. ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತ ಉಚ್ಚರಿಸುತ್ತದೆ. ಒಂದು ಸಲಕ್ಕೆ ಎರಡು ಮೂರು ಅಕ್ಷರ ಸಾಕು, ಅದೂ ನೋಟಕ್ಕೆ ಬೇರೆಬೇರೆಯಾಗಿರಬೇಕು. ಪ ಮತ್ತು ಷ ಒಟ್ಟಿಗೆ ಕೊಟ್ಟರೆ ಎರಡೂ ಕಲಸಿಹೋಗುತ್ತವೆ. ಪಾಠಕ್ಕೆ ಮೂರು ಹಂತ: "ಇದು ಪ", "ಪ ಎಲ್ಲಿದೆ ತೋರಿಸು", "ಇದು ಯಾವುದು?" ಎರಡನೆಯದು ಗಟ್ಟಿಯಾಗುವ ಮೊದಲೇ ಮೂರನೆಯದಕ್ಕೆ ಹಾರಿದರೆ ಮಗು ಊಹಿಸಿ ಹೇಳಲು ಶುರುಮಾಡುತ್ತದೆ. ಐದೇ ನಿಮಿಷದ ಪಾಠ, ಆದರೆ ಒಬ್ಬೊಬ್ಬರಿಗೂ ಬೇರೆಯಾಗಿ ಕೊಡಬೇಕು. ದಿನವಿಡೀ ಬ್ಲಾಕ್ ಜೋಡಿಸುತ್ತಾ ಖುಷಿಯಾಗಿರುವ ಮಗುವಿಗೆ ಈ ಐದು ನಿಮಿಷ ತಪ್ಪುವುದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅದು ಯಾರಿಗೂ ತೊಂದರೆ ಕೊಡುತ್ತಿಲ್ಲ. ಗೊತ್ತಾಗುವುದು ಒಂದನೇ ತರಗತಿಯಲ್ಲಿ.

ಮೂರರಿಂದ ಆರು ವರ್ಷದವರು ಒಟ್ಟಿಗೆ ಕಲಿಯುವ ಮಿಶ್ರ ವಯಸ್ಸಿನ ಕೋಣೆಯ ಲಾಭವೂ ಸಂಖ್ಯೆಯನ್ನು ಅವಲಂಬಿಸಿದೆ. ಐದು ತುಂಬುತ್ತಲೇ ದೊಡ್ಡ ಶಾಲೆಗೆ ಸೇರಿಸುವವರು ಹೆಚ್ಚಾದರೆ ಕೋಣೆಯಲ್ಲಿ ದೊಡ್ಡ ಮಕ್ಕಳು ಒಬ್ಬಿಬ್ಬರೇ ಉಳಿಯುತ್ತಾರೆ. ಚಿಕ್ಕವರಿಗೆ ನೋಡಿ ಕಲಿಯಲು ಯಾರೂ ಇಲ್ಲ, ಆ ಒಬ್ಬಿಬ್ಬರಿಗೆ ಸರಿಜೋಡಿಯೂ ಇಲ್ಲ.

ಸೇರಿಸುವ ಮುನ್ನ ಕಪಾಟಿನ ಅಂದ ನೋಡಿ ಮರುಳಾಗಬೇಡಿ. ಹೆಸರು ಮುಚ್ಚಿಯಾದರೂ ಸರಿ, ಒಂದು ಮಗುವಿನ ಕಳೆದ ತಿಂಗಳ ನೋಟ್‌ಬುಕ್ ಪುಟ ತೋರಿಸಿ ಎಂದು ಕೇಳಿ. ಏನು ಕೊಟ್ಟರು, ಮಗು ಎಷ್ಟು ಸಲ ಮಾಡಿತು, ಎಲ್ಲಿ ತಡವರಿಸಿತು ಎಂದು ಅದರಲ್ಲಿ ಇರಬೇಕು. "ಚೆನ್ನಾಗಿ ಬೆರೆಯುತ್ತಾಳೆ, ಖುಷಿಯಾಗಿದ್ದಾಳೆ" ಎಂದಷ್ಟೇ ಇದ್ದರೆ ಬೇರೆ ಶಾಲೆ ನೋಡಿ.